ಕೊಟ್ಟ ವಿಶ್ವಾಸವನ್ನು ಹಿಂತೆಗೆಯುವಾಗ

ಪರದೇಶ ಪ್ರಯಾಣ ಮಾಡುವವರಲ್ಲಿ ಕೆಲವರನ್ನು ಮುಂಚಿತವಾಗಿಯೇ ಪರೀಕ್ಷಿಸಿ, ಇವರು ನಮ್ಮ ವಿಶ್ವಾಸಕ್ಕೆ ಪಾತ್ರರು ಎಂದು ದಾಖಲೆ ಮಾಡಿಕೊಂಡು, ವಿಮಾನ ನಿಲ್ದಾಣದ ಉದ್ದನೆಯ ಸಾಲಿನಿಂದ ಅವರನ್ನು ಬಿಡುಗಡೆ ಮಾಡುವ ಪದ್ಧತಿಯು ಈಚಿನ ವರ್ಷಗಳಲ್ಲಿ ಅನೇಕ ದೇಶಗಳಲ್ಲಿ ರೂಢವಾಗಿದೆ. ನಮ್ಮ ಕೇಂದ್ರ ಸರಕಾರವೂ ಈ ಮಾರ್ಗವನ್ನು ಹಿಡಿದಿದೆ. ೨೦೨೪ನೆಯ ಇಸವಿಯ ಜೂನ್ ೨೨ರಂದು ಗೃಹಮಂತ್ರಿ ಅಮಿತ್ ಶಾ ಅವರು ದಿಲ್ಲಿಯ ವಿಮಾನ ನಿಲ್ದಾಣದಲ್ಲಿ ‘ವಿಶ್ವಸನೀಯ ಪ್ರಯಾಣಿಕರ ಕಾರ್ಯಕ್ರಮ’ವನ್ನು ಪ್ರಾರಂಭಿಸಿದರು. ೨೦೨೫ರ ಜನವರಿ ೧೬ರಂದು ಅದು ಮುಂಬಯಿ, ಚೆನ್ನೈ, ಕೋಲ್ಕತ್ತ, ಅಹಮದಾಬಾದು, ಕೊಚ್ಚಿಗಳೊಡನೆ ನಮ್ಮ ಬೆಂಗಳೂರಿಗೂ ನೆರೆಯ ಹೈದರಾಬಾದಿಗೂ ವಿಸ್ತಾರಗೊಂಡಿತು. ಭಾರತದ ಪಾಸ್‌ಪೋರ್ಟುಳ್ಳವರೂ, ಸಾಗರೋತ್ತರ ಭಾರತೀಯರೆಂಬ ಓಸಿಐ ಕಾರ್ಡನ್ನು ಪಡೆದವರೂ ಅರ್ಜಿ ಹಾಕಿಕೊಳ್ಳಬಹುದು. ಅಧಿಕಾರಿಗಳು ಅರ್ಜಿಯನ್ನು ಶೋಧಿಸಿ ಒಪ್ಪಿದ ಮೇಲೆ ಅರ್ಜಿದಾರನು ತನ್ನ ಬೆರಳಚ್ಚನ್ನೂ ಮುಖದ ಪಡಿಯಚ್ಚನ್ನೂ ಕೊಡಬೇಕು. ಬಳಿಕ ಐದು ವರ್ಷಗಳ ವರೆಗೆ, ಅಥವಾ ಪಾಸ್‌ಪೋರ್ಟಿನ ಅವಧಿ ಅದಕ್ಕೂ ಮೊದಲೇ ತೀರುವುದಾದರೆ ಅಲ್ಲಿಯ ವರೆಗೆ, ಯಂತ್ರದ ಬಾಗಿಲು ಅವನ ಮುಖವನ್ನು ಗುರುತಿಸಿ ತಾನಾಗಿ ತೆರೆದುಕೊಳ್ಳುತ್ತದೆ.

ಸೌಕರ್ಯವು ಒಳ್ಳೆಯದೇ. ಇದನ್ನು ಏರ್ಪಡಿಸಿದ ಸರಕಾರವನ್ನು ಅಭಿನಂದಿಸುವುದರಲ್ಲಿ ನಮಗೆ ಸಂಕೋಚವಿಲ್ಲ. ಆದರೆ ಕೊಡುವ ಕೈಯ ವಿಷಯವನ್ನು ಎಲ್ಲರೂ ಮಾತಾಡುತ್ತಿರುವಾಗ, ಅದೇ ಕೈ ಒಂದು ದಿನ ಕಿತ್ತುಕೊಂಡರೆ ಪ್ರಜೆಯ ಗತಿಯೇನೆಂಬುದನ್ನು ವಿಚಾರಿಸುವವರು ವಿರಳ. ಇಂದಿನ ಈ ಲೇಖನದ ವಿಷಯವು ಅದೇ.

ರಾಯಚೂರು ಜಿಲ್ಲೆಯ ಗುಂಜಹಳ್ಳಿಯ ರೈತನಿಗೆ ವಿಮಾನ ನಿಲ್ದಾಣದ ಬಾಗಿಲುಗಳಿಂದ ಏನಾಗಬೇಕಾಗಿದೆ ಎಂದು ಕೇಳುವವರುಂಟು. ಆಗಬೇಕಾದದ್ದು ಬಹಳವಿದೆ. ಕೃಷ್ಣೆ ತುಂಗಭದ್ರೆಗಳ ನಡುವಣ ಈ ಎಡೆದೊರೆ ನಾಡಿನಿಂದ ಓದಿಗೆಂದೂ ದುಡಿಮೆಗೆಂದೂ ಸಮುದ್ರ ದಾಟುವ ತರುಣರಿಗೆ ಹತ್ತಿರದ ಹೆಬ್ಬಾಗಿಲು ಹೈದರಾಬಾದಿನ ಶಂಶಾಬಾದು ನಿಲ್ದಾಣವೇ. ರಾಯಚೂರು, ಮಾನವಿ, ದೇವದುರ್ಗಗಳ ಮನೆಗಳ ಮಕ್ಕಳೂ ಈ ಬಾಗಿಲಲ್ಲಿ ನಿಲ್ಲತಕ್ಕವರೇ. ಅದಕ್ಕಿಂತ ಹೆಚ್ಚಿನ ಕಾರಣ ಇನ್ನೊಂದಿದೆ. ಸರಕಾರದ ಪಟ್ಟಿಯೊಂದರಿಂದ ಹೆಸರು ಅಳಿಸಿಹೋಗುವ ಸಂಕಟವು ವಿಮಾನದಲ್ಲಿ ಹೋಗುವವನಿಗೆ ಮಾತ್ರ ಮೀಸಲಾದುದಲ್ಲ. ಪಡಿತರ ಚೀಟಿ ರದ್ದಾದ ವಿಧವೆಯೂ, ಪಿಂಚಣಿ ನಿಂತುಹೋದ ಮುದುಕನೂ ಕಚೇರಿಯ ಕಟ್ಟೆಯ ಮೇಲೆ ಕುಳಿತು ಕೇಳುವ ಪ್ರಶ್ನೆ ಒಂದೇ: ‘ನನ್ನ ಹೆಸರನ್ನು ತೆಗೆದದ್ದು ಯಾಕೆ?’ ಆ ಪ್ರಶ್ನೆಗೆ ಉತ್ತರ ಪಡೆಯುವ ಅಧಿಕಾರವು ಪ್ರಜೆಗೆ ಇದೆಯೋ ಇಲ್ಲವೋ ಎಂಬುದೇ ಇಲ್ಲಿಯ ಮೂಲ ವಿಷಯ.

ಮೊದಲು ಸರಕಾರದ ಪರವಾದ ವಾದವನ್ನು ನ್ಯಾಯವಾಗಿ ಮುಂದಿಡೋಣ. ವಿಶ್ವಸನೀಯ ಪ್ರಯಾಣಿಕನೆನಿಸಿಕೊಳ್ಳುವುದು ಯಾರ ಆಜನ್ಮಸಿದ್ಧ ಹಕ್ಕೂ ಅಲ್ಲ; ಅದೊಂದು ಸವಲತ್ತು. ಅದನ್ನು ಕಳೆದುಕೊಂಡವನ ಪ್ರಯಾಣವೇನೂ ನಿಲ್ಲುವುದಿಲ್ಲ. ಅವನು ಉಳಿದವರಂತೆ ಸಾಲಿನಲ್ಲಿ ನಿಂತು ಹೋಗಬಹುದು. ಗಡಿಯ ಕಾವಲು ಸರಕಾರದ ಹೊಣೆ. ಯಾರನ್ನು ನಂಬಬೇಕು, ಯಾರನ್ನು ಇನ್ನೊಮ್ಮೆ ನೋಡಬೇಕು ಎಂಬುದನ್ನು ಅದೇ ನಿಶ್ಚಯಿಸಬೇಕಾಗಿದೆ. ಈ ಮಾತುಗಳಲ್ಲಿ ಸುಳ್ಳೇನೂ ಇಲ್ಲ.

ಆದರೆ ಈ ವಾದವು ಅರ್ಧ ದಾರಿಯಲ್ಲಿಯೇ ನಿಂತುಬಿಡುತ್ತದೆ. ಎಂದೂ ಸವಲತ್ತನ್ನು ಬೇಡದವನೂ, ಪಡೆದು ಕಳೆದುಕೊಂಡವನೂ ಒಂದೇ ಸ್ಥಿತಿಯಲ್ಲಿ ಇರುವುದಿಲ್ಲ. ಮೊದಲನೆಯವನ ವಿಷಯದಲ್ಲಿ ಸರಕಾರವು ಏನನ್ನೂ ಹೇಳಿಲ್ಲ. ಎರಡನೆಯವನ ವಿಷಯದಲ್ಲಾದರೋ, ‘ನಂಬಿದ್ದೆವು, ಇನ್ನು ನಂಬುವುದಿಲ್ಲ’ ಎಂದು ಹೇಳಿದಂತಾಯಿತು. ಇದು ಒಬ್ಬನ ಮರ್ಯಾದೆಗೆ ತಗಲುವ ಮಾತು. ಅವನು ಪರದೇಶದಲ್ಲಿ ನೌಕರಿಯಲ್ಲಿದ್ದರೆ ಅವನ ಧಣಿ ಕೇಳುತ್ತಾನೆ. ಇನ್ನೊಂದು ದೇಶದ ಅರ್ಜಿಯಲ್ಲಿ ‘ಹಿಂದೆ ನಿಮ್ಮ ಸದಸ್ಯತ್ವವು ರದ್ದಾಗಿತ್ತೇ?’ ಎಂಬ ಪ್ರಶ್ನೆ ಬಂದರೆ ಅವನು ಹೌದೆನ್ನಬೇಕಾಗುತ್ತದೆ. ಕಾರಣವೇ ತಿಳಿಯದ ಕಳಂಕವನ್ನು ಮನುಷ್ಯನು ತೊಳೆದುಕೊಳ್ಳುವುದಾದರೂ ಹೇಗೆ?

ಈ ವಿಚಾರದಲ್ಲಿ ಕನ್ನಡ ನಾಡು ದೇಶಕ್ಕೆ ಮೊದಲೇ ದಾರಿ ತೋರಿದೆಯೆಂಬುದನ್ನು ಓದುಗರು ಹೆಮ್ಮೆಯಿಂದ ನೆನೆಯಬೇಕು. ಸ್ವಾತಂತ್ರ್ಯ ಬಂದ ಮೇಲೆಯೂ ಇಪ್ಪತ್ತು ವರ್ಷಗಳ ಕಾಲ ಪಾಸ್‌ಪೋರ್ಟು, ಎಂದರೆ ರಹದಾರಿ, ಸರಕಾರದ ಕೃಪೆಯ ವಸ್ತುವಾಗಿಯೇ ಇತ್ತು. ಕೊಡುವುದಕ್ಕಾಗಲಿ ನಿರಾಕರಿಸುವುದಕ್ಕಾಗಲಿ ಯಾವ ಕಾಯಿದೆಯೂ ಇರಲಿಲ್ಲ. ಇಲಾಖೆಯ ಇಷ್ಟವೇ ನಿಯಮವಾಗಿತ್ತು. ಹೀಗಿರಲು, ೧೯೬೫ರಲ್ಲಿ ಡಾಕ್ಟರ್ ಸದಾಶಿವರಾಯರ ಮೊಕದ್ದಮೆಯಲ್ಲಿ ಮೈಸೂರು ಹೈಕೋರ್ಟು, ಪರದೇಶಕ್ಕೆ ಹೋಗುವುದು ಸಂವಿಧಾನದ ೨೧ನೆಯ ವಿಧಿಯು ಕಾಪಾಡುವ ಸ್ವಾತಂತ್ರ್ಯದಲ್ಲಿ ಅಡಕವಾಗಿದೆಯೆಂದೂ, ಕಾಯಿದೆಯು ಗೊತ್ತುಮಾಡಿದ ಕ್ರಮದಿಂದಲ್ಲದೆ ಅದನ್ನು ಯಾರಿಂದಲೂ ಕಸಿಯಲಾಗದೆಂದೂ ತೀರ್ಮಾನಿಸಿತು. ಆ ವಿಭಾಗೀಯ ಪೀಠದ ಪರವಾಗಿ ತೀರ್ಪನ್ನು ಕೊಟ್ಟವರು ಕಾರ್ಕಳದ ಕಡೆಯ ಕೌಡೂರಿನಲ್ಲಿ ಹುಟ್ಟಿದ ನ್ಯಾಯಮೂರ್ತಿ ಕೆ. ಎಸ್. ಹೆಗ್ಡೆಯವರು. ಇವರೇ ಮುಂದೆ ಸುಪ್ರೀಂ ಕೋರ್ಟಿಗೆ ಹೋಗಿ, ೧೯೭೩ರಲ್ಲಿ ತಮ್ಮನ್ನು ದಾಟಿ ಕಿರಿಯರನ್ನು ಮುಖ್ಯ ನ್ಯಾಯಮೂರ್ತಿಗಳನ್ನಾಗಿ ಮಾಡಿದಾಗ ಪದವಿಯನ್ನೇ ಬಿಟ್ಟು ಬಂದವರು. ೧೯೭೭ರಲ್ಲಿ ಲೋಕಸಭೆಯ ಸಭಾಪತಿಗಳಾದವರು.

ಎರಡು ವರ್ಷಗಳ ತರುವಾಯ, ೧೯೬೭ರ ಏಪ್ರಿಲ್ ೧೦ರಂದು, ಸತ್ವಂತ ಸಿಂಗ್ ಸಾಹ್ನಿ ಎಂಬ ವ್ಯಾಪಾರಸ್ಥರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಇದೇ ಅಭಿಪ್ರಾಯವನ್ನು ಎತ್ತಿ ಹಿಡಿಯಿತು. ಐವರು ನ್ಯಾಯಮೂರ್ತಿಗಳಲ್ಲಿ ಮೂವರು ಒಂದು ಕಡೆ, ಇಬ್ಬರು ಇನ್ನೊಂದು ಕಡೆ. ಒಂದೇ ಮತದ ಅಂತರದಿಂದ ಗೆದ್ದ ಈ ತತ್ತ್ವವು ಸರಕಾರವನ್ನು ಎಚ್ಚರಿಸಿತು. ಅದೇ ವರ್ಷ ಪಾಸ್‌ಪೋರ್ಟು ಕಾಯಿದೆ ಬಂದಿತು. ಯಾವ ಯಾವ ಕಾರಣಗಳಿಗಾಗಿ ರಹದಾರಿಯನ್ನು ಹಿಡಿದಿಡಬಹುದು ಅಥವಾ ರದ್ದುಪಡಿಸಬಹುದು ಎಂಬುದನ್ನು ಅದರ ೧೦ನೆಯ ಕಲಮು ಎಣಿಸಿ ಹೇಳುತ್ತದೆ. ರದ್ದುಮಾಡುವ ಅಧಿಕಾರಿಯು ಕಾರಣಗಳನ್ನು ಬರೆದಿಡಬೇಕು. ದೇಶದ ಭದ್ರತೆಯಂಥ ಕೆಲವು ನಿಮಿತ್ತಗಳು ಅಡ್ಡಬಂದಲ್ಲದೆ ಕೇಳಿದವನಿಗೆ ನಕಲನ್ನು ಕೊಡಬೇಕು. ೧೧ನೆಯ ಕಲಮು ಅಪೀಲಿನ ಹಾದಿಯನ್ನು ತೆರೆಯುತ್ತದೆ. ಸಾಕ್ಷಾತ್ ಕೇಂದ್ರ ಸರಕಾರದ ಹುಕುಮಿನ ಮೇಲೆ ಮಾತ್ರ ಆ ಅಪೀಲು ನಡೆಯದು.

ಆ ಕೊರತೆಯ ಬಿಸಿ ಏನೆಂಬುದು ಹತ್ತೇ ವರ್ಷಗಳಲ್ಲಿ ಗೊತ್ತಾಯಿತು. ೧೯೭೭ರ ಜುಲೈಯಲ್ಲಿ ಮೇನಕಾ ಗಾಂಧಿಯವರ ಪಾಸ್‌ಪೋರ್ಟನ್ನು ಕೇಂದ್ರ ಸರಕಾರವು ‘ಸಾರ್ವಜನಿಕ ಹಿತದ’ ಹೆಸರಿನಲ್ಲಿ ಹಿಡಿದಿಟ್ಟಿತು. ಅವರು ಕಾರಣವನ್ನು ಕೇಳಿದರು. ಕಾರಣವನ್ನು ತಿಳಿಸದಿರುವುದೂ ಸಾರ್ವಜನಿಕ ಹಿತಕ್ಕಾಗಿಯೇ ಎಂಬ ಉತ್ತರ ಬಂದಿತು! ೧೯೭೮ರ ಜನವರಿ ೨೫ರಂದು ಏಳು ನ್ಯಾಯಮೂರ್ತಿಗಳ ಪೀಠವು ಕೊಟ್ಟ ತೀರ್ಪು ಇಂದಿಗೂ ನಮ್ಮ ನ್ಯಾಯಶಾಸ್ತ್ರದ ಆಧಾರಸ್ತಂಭಗಳಲ್ಲೊಂದು. ಕಾಯಿದೆಯಲ್ಲಿ ಒಂದು ಕ್ರಮವಿದ್ದರೆ ಸಾಲದು. ಆ ಕ್ರಮವು ನ್ಯಾಯವೂ ಯುಕ್ತವೂ ಆಗಿರಬೇಕು. ಬಾಧಿತನಾಗುವವನ ಮಾತನ್ನು ಕೇಳಬೇಕು. ತುರ್ತಿನಲ್ಲಿ ಮೊದಲೇ ಕೇಳಲಾಗದಿದ್ದರೆ ಹುಕುಮಿನ ಬಳಿಕವಾದರೂ ಕೇಳಬೇಕು. ಆಗ ಆಳುತ್ತಿದ್ದ ಪಕ್ಷ ಯಾವುದು, ಅರ್ಜಿದಾರರು ಯಾವ ಮನೆತನದವರು ಎಂಬುದನ್ನು ಜನರು ಮರೆತಾರು; ತತ್ತ್ವವು ಉಳಿದಿದೆ.

ಇನ್ನು ವಿಶ್ವಸನೀಯ ಪ್ರಯಾಣಿಕರ ಕಾರ್ಯಕ್ರಮವನ್ನು ನೋಡೋಣ. ಇದು ಗೃಹಖಾತೆಯ ಆಡಳಿತ ಯೋಜನೆ. ಇದಕ್ಕೆಂದು ಸಂಸತ್ತು ಪ್ರತ್ಯೇಕ ಕಾಯಿದೆಯನ್ನು ರಚಿಸಿಲ್ಲ. ೨೦೨೫ರ ವಲಸೆ ಮತ್ತು ವಿದೇಶೀಯರ ಕಾಯಿದೆಯು ಅದೇ ವರ್ಷದ ಸೆಪ್ಟೆಂಬರ್ ೧ರಿಂದ ಜಾರಿಗೆ ಬಂದು ೧೯೨೦, ೧೯೩೯, ೧೯೪೬, ೨೦೦೦ ಇಸವಿಗಳ ನಾಲ್ಕು ಹಳೆಯ ಕಾಯಿದೆಗಳನ್ನು ತೆಗೆದುಹಾಕಿತು. ವಲಸೆ ಬ್ಯೂರೋಗೆ ಕಾಯಿದೆಯ ಆಧಾರವನ್ನು ಒದಗಿಸಿತು. ಆದರೆ ಪಾಸ್‌ಪೋರ್ಟು ಕಾಯಿದೆಯ ೧೦ ಮತ್ತು ೧೧ನೆಯ ಕಲಮುಗಳು ಕಾಪಾಡುವುದು ಪಾಸ್‌ಪೋರ್ಟನ್ನು, ಈ ಸದಸ್ಯತ್ವವನ್ನಲ್ಲ. ಎಂದರೆ, ೧೯೬೭ಕ್ಕೆ ಮುಂಚೆ ರಹದಾರಿಯು ಇದ್ದ ಸ್ಥಿತಿಯಲ್ಲಿಯೇ ಇಂದು ಈ ಹೊಸ ಸೌಕರ್ಯವು ನಿಂತಿದೆಯೆಂದು ಹೇಳಿದರೆ ಅತಿಶಯೋಕ್ತಿಯಾಗಲಾರದು.

ಓಸಿಐ ಕಾರ್ಡಿನವರ ಸ್ಥಿತಿ ಸ್ವಲ್ಪ ಬೇರೆ. ಅವರ ಕಾರ್ಡನ್ನು ರದ್ದುಮಾಡುವ ಅಧಿಕಾರವು ಪೌರತ್ವ ಕಾಯಿದೆಯ ೭ಡಿ ಕಲಮಿನಲ್ಲಿದೆ. ಅವರ ಮಾತನ್ನು ಹೇಳಿಕೊಳ್ಳಲು ತಕ್ಕ ಅವಕಾಶ ಕೊಡದೆ ಹುಕುಂ ಮಾಡಕೂಡದೆಂದು ೨೦೧೯ರ ತಿದ್ದುಪಡಿಯು ವಿಧಿಸಿದೆ. ಕಾರ್ಡು ಹೋದರೆ ಅದನ್ನು ಆಧರಿಸಿದ ವಿಶ್ವಸನೀಯ ಪ್ರಯಾಣಿಕತ್ವವೂ ಹೋಯಿತೆಂದೇ ತಿಳಿಯಬೇಕು. ನಮ್ಮ ಬೆಂಗಳೂರಿನ ನಿಲ್ದಾಣದಲ್ಲಿಯೇ ಇಂಥ ಪ್ರಸಂಗವೊಂದು ನಡೆಯಿತು. ೨೦೨೪ರ ಫೆಬ್ರವರಿಯಲ್ಲಿ ಕರ್ನಾಟಕ ಸರಕಾರದ ಆಮಂತ್ರಣದ ಮೇಲೆ ಸಂವಿಧಾನ ಸಮಾವೇಶಕ್ಕೆಂದು ಬಂದಿಳಿದ ಪ್ರಾಧ್ಯಾಪಿಕೆ ನಿತಾಶಾ ಕೌಲ್ ಅವರನ್ನು ಒಳಗೆ ಬಿಡದೆ ಲಂಡನ್ನಿಗೆ ಹಿಂದಿರುಗಿಸಲಾಯಿತು. ೨೦೨೫ರ ಮೇಯಲ್ಲಿ ಅವರ ಕಾರ್ಡೂ ರದ್ದಾಯಿತು. ಅವರ ಅಭಿಪ್ರಾಯಗಳನ್ನು ಒಪ್ಪುವುದು ಬಿಡುವುದು ಬೇರೆಯ ಮಾತು. ಸ್ವೀಡನ್ನಿನಲ್ಲಿ ಅಧ್ಯಾಪಕರಾಗಿರುವ ಅಶೋಕ್ ಸ್ವೈನ್ ಅವರ ಕಾರ್ಡಿನ ವಿಷಯದಲ್ಲಿ ದಿಲ್ಲಿ ಹೈಕೋರ್ಟು ೨೦೨೩ರ ಜುಲೈ ೧೦ರಂದು ರದ್ದತಿಯ ಹುಕುಮನ್ನು ತೆಗೆದುಹಾಕಿತು. ಅದರಲ್ಲಿ ಕಲಮಿನ ಶಬ್ದಗಳು ಇದ್ದವೇ ಹೊರತು ಕಾರಣಗಳು ಇರಲಿಲ್ಲವೆಂಬುದೇ ನ್ಯಾಯಾಲಯದ ಆಕ್ಷೇಪಣೆ. ಆದರೆ ಅದೇ ತಿಂಗಳ ಕೊನೆಗೆ ಸರಕಾರವು ಹೊಸ ಹುಕುಮನ್ನು ಹೊರಡಿಸಿತು. ಕಾರಣ ಕೇಳಿ ಗೆದ್ದವನಿಗೆ ಸಿಕ್ಕುವುದು ಕಾರಣವೇ. ಕಳೆದುಹೋದ ವಸ್ತುವು ಮರಳುವುದೆಂಬ ನೆಚ್ಚಿಕೆಯಿಲ್ಲ. ಇದನ್ನು ದಾವೆ ಹೂಡುವವರು ಮೊದಲೇ ಅರಿತಿರಬೇಕು.

ಕಾಯಿದೆಯ ಆಧಾರವೇ ಇಲ್ಲದ ಸವಲತ್ತಿನ ಮಾತೇನು? ಇಲ್ಲಿಯೂ ಪ್ರಜೆಯು ಬರಿಗೈಯಲ್ಲಿಲ್ಲ. ೧೯೭೪ರಲ್ಲಿ ಎರೂಸಿಯನ್ ಎಂಬ ಕಂಪನಿಯನ್ನು ಪಶ್ಚಿಮ ಬಂಗಾಳ ಸರಕಾರವು ಕಪ್ಪುಪಟ್ಟಿಗೆ ಸೇರಿಸಿದ ಪ್ರಕರಣವು ಸುಪ್ರೀಂ ಕೋರ್ಟಿನ ಮುಂದೆ ಬಂದಿತು. ಸರಕಾರದೊಡನೆ ವ್ಯಾಪಾರ ಮಾಡಿಯೇ ತೀರಬೇಕೆಂಬ ಹಕ್ಕು ಯಾರಿಗೂ ಇಲ್ಲ. ಆದರೆ ಒಬ್ಬನನ್ನು ಹೆಸರಿಸಿ ಹೊರಗಿಡುವಾಗ ಸರಕಾರವು ಅವನ ಮಾತನ್ನು ಕೇಳಬೇಕು, ಏಕೆಂದರೆ ಕಪ್ಪುಪಟ್ಟಿಯು ಕಳಂಕವನ್ನು ಹಚ್ಚುತ್ತದೆ — ಇದು ಆ ತೀರ್ಪಿನ ಸಾರ. ಸವಲತ್ತಿಗೂ ನ್ಯಾಯಕ್ಕೂ ಸಂಬಂಧವಿಲ್ಲವೆಂಬ ವಾದವು ಅಂದೇ ಮುರಿದುಬಿದ್ದಿತು. ೧೯೭೭ರ ಮೊಹಿಂದರ್ ಸಿಂಗ್ ಗಿಲ್ ಪ್ರಕರಣದಲ್ಲಿ ಇನ್ನೊಂದು ಸೂತ್ರವೂ ಸ್ಪಷ್ಟವಾಯಿತು: ಹುಕುಂ ತನ್ನಲ್ಲಿ ಬರೆದ ಕಾರಣಗಳ ಮೇಲೆಯೇ ನಿಲ್ಲಬೇಕು; ನ್ಯಾಯಾಲಯಕ್ಕೆ ಎಳೆದ ಮೇಲೆ ಪ್ರಮಾಣಪತ್ರದಲ್ಲಿ ಹೊಸ ಕಾರಣಗಳನ್ನು ಹೊಸೆದು ತರುವಂತಿಲ್ಲ.

ಇಲ್ಲಿ ಸರಕಾರವು ಎತ್ತುವ ಕಡೆಯ ಗುರಾಣಿ ದೇಶದ ಭದ್ರತೆ. ಅದನ್ನು ಹಗುರವಾಗಿ ಕಾಣುವುದು ಪ್ರಜೆಗೂ ಪತ್ರಿಕೆಗೂ ತಕ್ಕುದಲ್ಲ. ಈ ವಿಷಯದಲ್ಲಿ ನ್ಯಾಯಾಲಯಗಳು ಎರಡು ಬಗೆಯ ತೀರ್ಪುಗಳನ್ನು ಕೊಟ್ಟಿವೆ. ೨೦೨೩ರ ಏಪ್ರಿಲ್ ೫ರಂದು ಮಲೆಯಾಳದ ಮೀಡಿಯಾವನ್ ಸುದ್ದಿವಾಹಿನಿಯ ಪ್ರಕರಣದಲ್ಲಿ, ಭದ್ರತೆಯ ಹೆಸರೆತ್ತಿದ ಮಾತ್ರಕ್ಕೆ ಸಹಜ ನ್ಯಾಯವು ಮಾಯವಾಗದೆಂದೂ, ಮೊಹರು ಹಾಕಿದ ಲಕೋಟೆಯನ್ನು ನ್ಯಾಯಾಧೀಶರಿಗಷ್ಟೇ ತೋರಿಸಿ ಎದುರುಪಕ್ಷವನ್ನು ಕತ್ತಲಲ್ಲಿಡಲಾಗದೆಂದೂ ಸುಪ್ರೀಂ ಕೋರ್ಟು ಹೇಳಿತು. ಆದರೆ ೨೦೨೫ರ ಮೇ ೧೫ರಂದು, ಬೆಂಗಳೂರು ಹೈದರಾಬಾದುಗಳೂ ಸೇರಿ ಒಂಬತ್ತು ನಿಲ್ದಾಣಗಳಲ್ಲಿ ಸಾಮಾನು ಸಾಗಣೆಯ ಕೆಲಸ ಮಾಡುತ್ತಿದ್ದ ತುರ್ಕಿ ಮೂಲದ ಸೆಲೆಬಿ ಸಂಸ್ಥೆಯ ಭದ್ರತಾ ಅನುಮತಿಯನ್ನು ಸರಕಾರವು ಹಿಂತೆಗೆದುಕೊಂಡಾಗ, ದಿಲ್ಲಿ ಹೈಕೋರ್ಟು ಜುಲೈ ೭ರಂದು ಅದನ್ನು ಎತ್ತಿಹಿಡಿಯಿತು. ಭದ್ರತೆಯ ನಿಜವಾದ ಸಂದರ್ಭದಲ್ಲಿ ಮುಂಚಿತ ನೋಟೀಸು ಕೊಡದಿರಬಹುದೆಂದಿತು. ಈ ಎರಡನ್ನೂ ಕೂಡಿಸಿ ಓದಿದರೆ ತೋರುವುದಿಷ್ಟು: ಭದ್ರತೆಯ ಕಾರಣವಿದೆಯೆಂದು ಹೇಳಿದರೆ ಸಾಲದು, ಅದು ಇದೆಯೆಂಬುದನ್ನು ನ್ಯಾಯಾಲಯಕ್ಕೆ ಮನಗಾಣಿಸಬೇಕು. ಆದರೆ ವಿಶ್ವಸನೀಯ ಪ್ರಯಾಣಿಕರಲ್ಲಿ ಹೆಸರು ಕಳೆದುಕೊಳ್ಳುವವರೆಲ್ಲರೂ ದೇಶಕ್ಕೆ ಅಪಾಯಕಾರಿಗಳೇ? ಹೆಸರಿನ ಅಕ್ಷರದ ತಪ್ಪು, ಅದೇ ಹೆಸರಿನ ಬೇರೊಬ್ಬನ ಮೇಲಿನ ಮೊಕದ್ದಮೆ, ಖುಲಾಸೆಯಾದ ಹಳೆಯ ಖಟ್ಲೆ — ಇಂಥವಕ್ಕೂ ಭದ್ರತೆಯ ಪರದೆಯನ್ನು ಎಳೆದರೆ ತಪ್ಪನ್ನು ತಿದ್ದುವವರಾರು?

ಅಮೇರಿಕೆಯ ಅನುಭವವು ನಮಗೆ ಪಾಠವಾಗತಕ್ಕದ್ದು. ಅಲ್ಲಿಯ ‘ಗ್ಲೋಬಲ್ ಎಂಟ್ರಿ’ ಎಂಬ ಇಂಥದೇ ಏರ್ಪಾಟಿಗೆ ೨೦೧೭ರ ಜುಲೈಯಿಂದ ಭಾರತೀಯರೂ ಅರ್ಹರು. ಅಲ್ಲಿ ನೆಲೆಸಿದ ಅಥವಾ ಆಗಾಗ ಹೋಗಿಬರುವ ಕನ್ನಡಿಗರಿಗೆ ಅದು ಪರಿಚಿತ. ಅಲ್ಲಿ ಸುಂಕದ ನಿಯಮದ ಸಣ್ಣ ಉಲ್ಲಂಘನೆಗೂ ಸದಸ್ಯತ್ವ ಹೋಗಬಹುದು. ಊರಿನಿಂದ ತಂದ ಒಂದು ಹಣ್ಣು ಚೀಲದ ಮೂಲೆಯಲ್ಲಿ ಉಳಿದು, ಅದನ್ನು ಹೇಳಿಕೆಯಲ್ಲಿ ಬರೆಯದಿದ್ದರೆ ಅಷ್ಟೇ ಸಾಕು. ರದ್ದಾದವನು ಕಾಗದಪತ್ರಗಳೊಡನೆ ಆ ಇಲಾಖೆಯ ಓಂಬುಡ್ಸ್‌ಮನ್ ಎಂಬ ಅಹವಾಲು ಅಧಿಕಾರಿಗೆ ಪುನರ್ವಿಚಾರದ ಅರ್ಜಿಯನ್ನು ಬರೆದುಕೊಳ್ಳಬಹುದು. ಆದರೆ ಇಂಥ ಸದಸ್ಯತ್ವದ ಯೋಗ್ಯತೆಯನ್ನು ತೂಗುವುದು ಇಲಾಖೆಯ ವಿವೇಚನೆಗೆ ಬಿಟ್ಟದ್ದೆಂದು ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯವು ೨೦೧೪ರಲ್ಲಿ ಹೇಳಿಬಿಟ್ಟಿತು.

ವಿವೇಚನೆಗೆ ಲಗಾಮಿಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ ಅದೇ ದೇಶವು ನಿದರ್ಶನವನ್ನೂ ಒದಗಿಸಿದೆ. ೨೦೨೦ರ ಫೆಬ್ರವರಿಯಲ್ಲಿ, ನ್ಯೂಯಾರ್ಕ್ ರಾಜ್ಯವು ತನ್ನ ವಾಹನ ಪರವಾನಿಗೆಯ ದಾಖಲೆಗಳನ್ನು ವಲಸೆ ಅಧಿಕಾರಿಗಳಿಗೆ ತೋರಿಸದೆಂಬ ಕಾರಣವನ್ನು ಮುಂದೊಡ್ಡಿ, ಅಲ್ಲಿಯ ಕೇಂದ್ರ ಸರಕಾರವು ಆ ರಾಜ್ಯದ ನಿವಾಸಿಗಳೆಲ್ಲರಿಗೂ ಈ ಸೌಕರ್ಯದ ಬಾಗಿಲನ್ನು ಮುಚ್ಚಿತು. ರಾಜ್ಯವು ನ್ಯಾಯಾಲಯಕ್ಕೆ ಹೋಯಿತು. ಜುಲೈಯಲ್ಲಿ ಸರಕಾರದ ವಕೀಲರೇ, ತಾವು ನ್ಯಾಯಾಲಯಕ್ಕೆ ತಿಳಿಸಿದ ಸಂಗತಿಗಳಲ್ಲಿ ಕೆಲವು ಸರಿಯಲ್ಲವೆಂದು ಒಪ್ಪಿಕೊಳ್ಳಬೇಕಾಯಿತು, ನಿಷೇಧವು ಬಿದ್ದುಹೋಯಿತು. ನ್ಯಾಯಾಲಯದ ಮುಂದೆ ಕಾರಣ ಹೇಳಬೇಕಾಗಿ ಬಂದದ್ದರಿಂದಲೇ ಕಾರಣದ ಹುರುಳು ಹೊರಬಿದ್ದಿತಲ್ಲವೇ?

ಹಾಗಾದರೆ ನಮ್ಮಲ್ಲಿ ಇಂಥ ಸಂಕಟಕ್ಕೆ ಸಿಕ್ಕಿದವನು ಏನು ಮಾಡಬೇಕು? ಮೊದಲು ತಾನು ಕಳೆದುಕೊಂಡದ್ದು ಏನೆಂಬುದನ್ನು ನಿಶ್ಚಯಿಸಿಕೊಳ್ಳಬೇಕು. ಪಾಸ್‌ಪೋರ್ಟಾದರೆ ಅಪೀಲಿಗೆ ಅವಧಿಯಿದೆ, ಅದನ್ನು ಮೀರಕೂಡದು. ಓಸಿಐ ಕಾರ್ಡಾದರೆ ನೋಟೀಸಿಗೆ ಕಾಗದದಲ್ಲಿ ಉತ್ತರ ಕೊಡಬೇಕು. ಸದಸ್ಯತ್ವ ಮಾತ್ರವಾದರೆ ವಲಸೆ ಬ್ಯೂರೋಗೆ ಲಿಖಿತ ಮನವಿಯನ್ನು ಕಳಿಸಿ, ಕಾರಣವನ್ನೂ ಪುನರ್ವಿಚಾರವನ್ನೂ ಕೇಳಿ, ಕಳಿಸಿದ ದಾಖಲೆಯನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು. ಬಾಯಿಮಾತಿನ ಓಡಾಟಕ್ಕೆ ನ್ಯಾಯಾಲಯದಲ್ಲಿ ಬೆಲೆಯಿಲ್ಲ. ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರದಲ್ಲಿ ಕಾರಣವಿಲ್ಲದಿದ್ದರೆ, ಸಂವಿಧಾನದ ೨೨೬ನೆಯ ವಿಧಿಯಂತೆ ಹೈಕೋರ್ಟಿಗೆ ರಿಟ್ ಅರ್ಜಿಯುಂಟು. ಒಂದು ಕಾಲದಲ್ಲಿ ದಿಲ್ಲಿಯ ಸರಕಾರದ ಹುಕುಮನ್ನು ಪ್ರಶ್ನಿಸಬೇಕಾದರೆ ಆ ಕಡೆಯ ಪಂಜಾಬ ಹೈಕೋರ್ಟಿನ ಮೆಟ್ಟಿಲನ್ನೇ ಹತ್ತಬೇಕಾಗಿತ್ತು. ೧೯೬೩ರ ಹದಿನೈದನೆಯ ತಿದ್ದುಪಡಿಯು ಆ ಬವಣೆಯನ್ನು ತಪ್ಪಿಸಿತು. ದಾವೆಯ ಕಾರಣವು ಅಂಶತಃ ಎಲ್ಲಿ ಹುಟ್ಟಿತೋ ಅಲ್ಲಿಯ ಹೈಕೋರ್ಟೂ ವಿಚಾರಿಸಬಹುದು. ಬರಿಯ ವಾಸವು ಸಾಲದು. ಹುಕುಮಿನ ಪೆಟ್ಟು ಇಲ್ಲಿ ಬಿದ್ದಿತೆಂಬುದನ್ನು ವಕೀಲರು ತೋರಿಸಿಕೊಡಬೇಕು. ೨೦೧೩ರಿಂದ ಕಲಬುರಗಿಯ ಪೀಠವು ಸ್ಥಿರವಾದುದರಿಂದ ರಾಯಚೂರು ಜಿಲ್ಲೆಯವರು ಇದಕ್ಕಾಗಿ ಬೆಂಗಳೂರಿಗೂ ಹೋಗಬೇಕಾಗಿಲ್ಲ.

ಆದರೆ ಪ್ರತಿಯೊಬ್ಬ ಪ್ರಯಾಣಿಕನೂ ಹೈಕೋರ್ಟಿಗೆ ಹೋಗಿಯೇ ನ್ಯಾಯ ಪಡೆಯಬೇಕೆಂಬುದು ಒಳ್ಳೆಯ ಆಡಳಿತದ ಲಕ್ಷಣವಲ್ಲ. ವಕೀಲರ ಸಂಭಾವನೆಯನ್ನು ತೆರಲು ಶಕ್ತನಾದವನಿಗೆ ಮಾತ್ರ ದೊರೆಯುವ ನ್ಯಾಯವು ಗುಂಜಹಳ್ಳಿಯ ಮನೆಗೆ ತಲುಪುವುದು ಕಷ್ಟ. ಆದುದರಿಂದ ಸರಕಾರವು ಈ ಕಾರ್ಯಕ್ರಮಕ್ಕೆ ಪ್ರಕಟಿತ ನಿಯಮಗಳ ಬೆಂಬಲವನ್ನು ಕೊಟ್ಟು ಮೂರು ಕಾರ್ಯಗಳನ್ನು ಮಾಡಬೇಕೆಂದು ನಾವು ಒತ್ತಿ ಹೇಳುತ್ತೇವೆ. ಒಂದು, ರದ್ದುಮಾಡುವಾಗ ಕಾರಣವನ್ನು ಬರೆದು ತಿಳಿಸುವುದು; ಭದ್ರತೆಯ ನಿಮಿತ್ತ ಪೂರ್ಣವಾಗಿ ತಿಳಿಸಲಾಗದಿದ್ದರೆ ಅದರ ಸಾರಾಂಶವನ್ನಾದರೂ ಕೊಡುವುದು. ಎರಡು, ಹುಕುಂ ಮಾಡಿದವನಲ್ಲದ ಬೇರೊಬ್ಬ ಮೇಲಧಿಕಾರಿಯು ಗೊತ್ತಾದ ದಿನಗಳೊಳಗೆ ಪುನರ್ವಿಚಾರ ಮಾಡುವಂತೆ ಏರ್ಪಡಿಸುವುದು. ಮೂರು, ಹೊರಗಾದವನ ಬೆರಳಚ್ಚು, ಮುಖದ ಅಚ್ಚುಗಳು ಏನಾಗುತ್ತವೆ, ಎಷ್ಟು ಕಾಲ ಇರುತ್ತವೆ ಎಂಬುದನ್ನು ಸ್ಪಷ್ಟಪಡಿಸುವುದು. ನಂಬಿಕೆಯನ್ನು ಹಿಂತೆಗೆದುಕೊಂಡವರು ನಂಬಿ ಕೊಟ್ಟ ಒತ್ತೆಯನ್ನು ಮಾತ್ರ ಇಟ್ಟುಕೊಳ್ಳುವುದು ಯಾವ ನ್ಯಾಯ? ಈ ಮೂರರಿಂದ ಗಡಿಯ ಕಾವಲು ಎಳ್ಳಷ್ಟೂ ಸಡಿಲವಾಗದು. ಅಧಿಕಾರಿಯ ಕೈ ಮಾತ್ರ ಹೆಚ್ಚು ಜಾಗರೂಕವಾದೀತು.

ರಾಯಚೂರು ಸೀಮೆಯ ಹಿರಿಯರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ೧೯೪೮ರ ಸೆಪ್ಟೆಂಬರಿನ ವರೆಗೆ ಈ ನೆಲವು ನಿಜಾಮರ ಆಳಿಕೆಯಲ್ಲಿತ್ತು. ಅರಸರ ಫರ್ಮಾನೇ ಅಲ್ಲಿ ಕಾಯಿದೆ. ಕೊಟ್ಟದ್ದು ಕೃಪೆ, ಕಿತ್ತುಕೊಂಡದ್ದೂ ಕೃಪೆಯ ಇನ್ನೊಂದು ಮುಖ. ೧೯೫೦ರ ಜನವರಿ ೨೬ರಿಂದ ಆ ಲೆಕ್ಕವು ಬದಲಾಯಿತು. ಅಂದಿನಿಂದ ಸರಕಾರವು ಪ್ರಜೆಗೆ ಏನನ್ನು ಕೊಡಬೇಕು, ಏನನ್ನು ಕೊಡಬಾರದು ಎಂಬುದರಲ್ಲಿ ಅದಕ್ಕೆ ಸ್ವಾತಂತ್ರ್ಯವಿರಬಹುದು. ಕೊಟ್ಟದ್ದನ್ನು ಹಿಂತೆಗೆಯುವಾಗ ‘ಯಾಕೆ’ ಎಂಬ ಪ್ರಶ್ನೆಗೆ ಉತ್ತರ ಕೊಡದಿರುವ ಸ್ವಾತಂತ್ರ್ಯವಿಲ್ಲ. ಸವಲತ್ತು ಕೃಪೆಯಾಗಿರಲಿ, ಕಾರಣ ಹೇಳುವುದು ಕರ್ತವ್ಯ. ಪ್ರಜೆಯನ್ನು ನಂಬುವ ಸರಕಾರವೆಂದು ಹೆಸರು ಪಡೆಯಬಯಸುವವರು, ಪ್ರಜೆಯೂ ತಮ್ಮನ್ನು ನಂಬುವಂತೆ ನಡೆದುಕೊಳ್ಳತಕ್ಕದ್ದು.